ನೂರ ಎಂಬತ್ತೊಂದು ದಿನ

ಬದಿಯಡ್ಕದ ರಿಜಿಸ್ಟ್ರಿ ಕಚೇರಿಯೆದುರು
ನನ್ನ ಅಂಗಡಿಯ ಬೆಂಚಿನಲ್ಲಿ ಕೂತು
ಸೆವ್ರಿನ್ ಬಾಯಿ ಪಾಸ್‌ಪೋರ್ಟು ಬಿಚ್ಚಿದರು.
ಬಸ್ಸಿನ ಸೀಟಿಗೆಸೆದ ಟವಲುಗಳಂತೆ
ಒಂದರ ಮೇಲೊಂದು ಮುದ್ರೆ.
"ನೀವೇ ಎಣಿಸಿ, ನನಗೆ ನಾಡಿ ಎಣಿಸಿ ಮಾತ್ರ ಗೊತ್ತು."

ಎಣಿಸಿದೆ.
ಅಕ್ಟೋಬರಿಗೆ ಮೂವತ್ತು, ನವೆಂಬರಿಗೆ ಮೂವತ್ತು,
ಹೀಗೇ ಮಾರ್ಚಿ ಮುಗಿಯುವವರೆಗೆ:
ನೂರ ಎಂಬತ್ತೊಂದು.
ಇನ್ನೊಂದು ದಿನ ಸಿಕ್ಕಿದ್ದರೆ ಈ ವರ್ಷಕ್ಕೆ ನಿವಾಸಿ.

ಮಸ್ಕತ್ತಿನ ವಿಮಾನ ತಡವಾಗಿತ್ತಂತೆ.
ಒಂದನೇ ತಾರೀಕಿನ ರಾತ್ರಿ ಹನ್ನೊಂದೂವರೆಗೆ ಬರಬೇಕಾದ್ದು
ಗಾಂಧಿ ಜಯಂತಿ ಹುಟ್ಟಿ ಹತ್ತು ನಿಮಿಷಕ್ಕೆ
ಬಜ್ಪೆಯಲ್ಲಿ ಇಳಿಯಿತು.
ಆ ನಲವತ್ತು ನಿಮಿಷ ಆಕಾಶದಲ್ಲಿ
ಯಾವ ದೇಶಕ್ಕೆ ತೆರಿಗೆ ಕಟ್ಟಬೇಕಿತ್ತೋ.

ಕೊಳ್ಳುವವರು ಕುಂಬಳೆಯ ಮಮ್ಮುಂಞಿ,
ಪ್ಲೈವುಡ್ ವ್ಯಾಪಾರ. ಅರುವತ್ತೊಂದು ಲಕ್ಷ.
"ಶೇಕಡ ಒಂದು ಹಿಡಿದರೆ ಸಾಕಲ್ವಾ ಮಾರಾಯ್ರೆ?"
ಸಾಲದು. ಮಾರುವವರು ಅನಿವಾಸಿಯಾದರೆ
ಹನ್ನೆರಡೂವರೆ, ಅದರ ಮೇಲೆ ಸರ್ಚಾರ್ಜು, ಸೆಸ್ಸು,
ಕಡಿಮೆ ಹಿಡಿಯುವ ಸರ್ಟಿಫಿಕೇಟು ಬರದಿದ್ದರೆ
ಲಾಭ ನೋಡದೆ ಇಡೀ ಮೊತ್ತದಿಂದಲೇ.
ಮತ್ತೆ ನೀವು ಟ್ಯಾನ್ ನಂಬರು ಮಾಡಿಸಬೇಕು.
"ಪ್ಯಾನ್ ಉಂಟು, ಫ್ಯಾನ್ ತಿರುಗ್ತಾ ಉಂಟು,
ಇದು ಎಂತದು ಟ್ಯಾನು?"

ಏಪ್ರಿಲು ಬರಲಿ, ಹೊಸ ವರ್ಷದ ಲೆಕ್ಕ ಬೇರೆ, ಎಂದೆ.
ಬ್ಯಾಂಕಿನ ಸಾಲದ ಕಾಗದಕ್ಕೆ ಮೂವತ್ತೊಂದೇ ಕೊನೆ,
ಮಮ್ಮುಂಞಿ ಬೆವರೊರೆಸಿಕೊಂಡರು.

ಸೆವ್ರಿನ್ ಬಾಯಿ ನಕ್ಕರು.
ಒಂದು ಚದರಡಿಯೂ ಕೊಳ್ಳಲಾಗದ ಊರಿನಲ್ಲಿ
ಇಪ್ಪತ್ತೆಂಟು ವರ್ಷ ಮಲಗಿ ಎದ್ದವರು;
ಬೇಳದಲ್ಲಿ ಕೊಂಡ ಇಪ್ಪತ್ತೆರಡು ಸೆಂಟ್ಸಿನಲ್ಲಿ
ಒಂದು ರಾತ್ರಿಯೂ ಮಲಗಿದವರಲ್ಲ.
ಮುರಕಲ್ಲು, ಆರು ಗೇರುಮರ, ಹಾವಿನ ಪೊರೆ.
ರಜೆಗೆ ಬಂದಾಗ ಗಡಿಕಲ್ಲಿನ ಮೇಲೆ ಕೂತು
ಕಿತ್ತಳೆ ಸುಲಿಯುತ್ತಿದ್ದರಂತೆ.
"ಹಿಡಿಯಲಿ. ರಿಟರ್ನು ಹಾಕಿ ಹೆಚ್ಚಿನದ್ದು ವಾಪಸು ಕೇಳ್ತೇನೆ.
ಕಾಯುವುದು ನನಗೆ ಹೊಸತಾ?"

ಬರೆಯತೊಡಗಿದೆ, ಮಲಯಾಳದಲ್ಲಿ.
ಕ್ರಯಪತ್ರಕ್ಕೆ ಅಲ್ಲಿ ತೀರಾಧಾರ ಅನ್ನುತ್ತಾರೆ.
ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಕನ್ನಡದ ಈ ಕಿವಿಗೆ ಇನ್ನೂ
ತೀರಿಹೋದ ಆಧಾರ ಅಂತಲೇ ಕೇಳುತ್ತದೆ.
ಪೂರ್ವಕ್ಕೆ ಪಂಚಾಯತು ರಸ್ತೆ, ಪಶ್ಚಿಮಕ್ಕೆ ತೋಡು.

ಮಾರುವವರ ಈಗಿನ ವಿಳಾಸ?
ಮಸ್ಕತ್ತಿನ ಕೋಣೆ ಬಿಟ್ಟಾಗಿದೆ,
ಕಾಸರಗೋಡಿನ ಫ್ಲ್ಯಾಟಿಗೆ ಇನ್ನೂ ಬೀಗದ ಕೈ ಬಂದಿಲ್ಲ,
ಈಗಿರುವುದು ತಂಗಿಯ ಗಂಡನ ಮನೆ, ಅದನ್ನು ಬರೆಸಲು ಮನಸ್ಸಿಲ್ಲ.
ಪೆನ್ನು ನಿಂತಿತು. ಮೇಲೆ ಫ್ಯಾನು ತಿರುಗುತ್ತಿತ್ತು.

ನನ್ನ ಅಂಗಡಿಯ ಬಾಗಿಲ ನಂಬರು ಬರೆದೆ.
ಇಲಾಖೆಯ ಕಾಗದ ಬಂದರೆ ತೆಗೆದಿಟ್ಟಿರುತ್ತೇನೆ,
ಬೆಂಚಿನ ಮೇಲೆ, ಹಾರದಂತೆ ಒಂದು ಕಲ್ಲಿಟ್ಟು.