ಮಾತ್ರೆ

ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಪಂಡಿತರು
ಬೋರ್ಡಿನ ಮೇಲೆ ಪ್ರಸ್ತಾರ ಹಾಕುತ್ತಿದ್ದರು:
ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು,
ಒಂದು ತಪ್ಪಿದರೂ ಸಾಲು ಕುಂಟುತ್ತದೆ ಮಕ್ಕಳೇ.
ಆ ‘ಮಕ್ಕಳೇ’ ನನಗೆ ಅರ್ಧವಷ್ಟೇ ಕೇಳಿಸಿತು.
ಆಮೇಲೆ ಮಾಡಿನ ಹಂಚು, ಸುತ್ತ ಬಾಗಿದ ಜಡೆಗಳು,
ಅಂಗೈಯಲ್ಲಿ ಯಾರೋ ತುರುಕಿದ ಬೀಗದ ಕೈ,
ನಾಲಗೆಯಲ್ಲಿ ರಕ್ತದ ಉಪ್ಪು.

ಅಂದಿನಿಂದ ನನ್ನ ಲೆಕ್ಕ:
ಬೆಳಿಗ್ಗೆ ಒಂದು, ರಾತ್ರಿ ಒಂಬತ್ತಕ್ಕೆ ಒಂದು.
ಬೆಂಗ್ರೆಯ ಅಂಗಳದಲ್ಲಿ ಬಲೆ ಹೆಣೆಯುವಾಗಲೂ
ಧಾರೆ ಸೀರೆಯ ಸೆರಗಿನ ಗಂಟಿನಲ್ಲೂ.

‘ಕೂಸು ಬೇಕೆನಿಸಿದರೆ ಮೊದಲು ನನ್ನ ಹತ್ತಿರ ಬಾ,
ಆಮೇಲೆ ಬಸುರಾಗು’ ಅಂದಿದ್ದರು ತಾವ್ರೊ ಡಾಕ್ಟ್ರು.
ಪುರಂದರನನ್ನೂ ಎಳೆದುಕೊಂಡು ಕಂಕನಾಡಿಗೆ ಹೋದೆ.
ನಾನು ತಿನ್ನುತ್ತಿದ್ದದ್ದು ಕೂಸಿಗೆ ಒಳ್ಳೆಯದಲ್ಲವಂತೆ.
ತಿಂಗಳುಗಟ್ಟಲೆ, ಚೂರುಚೂರೇ ಇಳಿಸುತ್ತ
ಬೇರೆಯದಕ್ಕೆ ದಾಟಿಸಿದರು,
ಅಳಿವೆಯಲ್ಲಿ ದೋಣಿ ದಾಟಿಸಿದ ಹಾಗೆ,
ಅವಸರವಿಲ್ಲದೆ, ನೀರು ನೋಡಿ.

ಇಷ್ಟಾದ ಮೇಲೂ ನಾನು ದಡ್ಡಿ.
ಐದು ತುಂಬಿದಾಗ ಒಂದು ಮಧ್ಯಾಹ್ನ
ಪೆಟ್ಟಿಗೆಯೊಳಗಿನ ಹಾಳೆ ಬಿಡಿಸಿದೆ.
ಬಿಡಿಸಿದಷ್ಟೂ ಮುಗಿಯದ ಹಾಳೆ,
ಇರುವೆ ಸಾಲಿನಂಥ ಇಂಗ್ಲಿಷು.
ಬಸುರಿ ಎಂಬ ಒಂದು ಪದ ಮಾತ್ರ ಅರ್ಥವಾಗಿ
ಬಂಗುಡೆ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿತು.
‘ಮದ್ದು ಅಂದರೆ ಮದ್ದೇ ಮಗಾ,
ಕೋವಿಗೆ ತುಂಬುವುದೂ ಅದನ್ನೇ’
ಅಂದಳು ಪಕ್ಕದ ಮನೆಯ ಅಪ್ಪಿಯಕ್ಕ.
(ಅವಳು ಕುದಿಸಿಟ್ಟ ಕಷಾಯಕ್ಕೆ
ಹಾಳೆಯೂ ಇರಲಿಲ್ಲ, ಅಳತೆಯೂ.)

ಹನ್ನೊಂದು ದಿನ, ಯಾರಿಗೂ ಹೇಳದೆ,
ಮಾತ್ರೆಗಳನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹೂತೆ.
ಹನ್ನೆರಡನೆಯ ದಿನ ದೋಣಿ ಕಟ್ಟೆಯ ಮೇಲೆ ಬಿದ್ದೆ.
ನೀರಿಗೆ ಇನ್ನೆರಡು ಮೊಳ.
ಎಚ್ಚರಾದಾಗ ಹೊಟ್ಟೆ ಸುಮ್ಮನಿತ್ತು.
ಸುಮ್ಮನೇ ಇತ್ತು.
ಆಸ್ಪತ್ರೆಯ ಯಂತ್ರದೊಳಗಿಂದ
ಕುದುರೆ ಓಡುವ ಸದ್ದು ಬರುವ ತನಕ
ಯಾವ ದೈವಕ್ಕೆ ಏನೇನು ಹೇಳಿಕೊಂಡೆನೋ,
ಹರಕೆ ಈಗಲೂ ತೀರಿಸುತ್ತಿದ್ದೇನೆ.

ತಾವ್ರೊ ಡಾಕ್ಟ್ರು ಕುರ್ಚಿ ಎಳೆದುಕೊಂಡು ಕೂತರು.
‘ಹರಿಣಾಕ್ಷಿ, ಕೆಲವು ಮದ್ದು ತಿಂದರೆ ಮಗುವಿಗಾಗದು.
ಕೆಲವು ಬಿಟ್ಟರೆ ಮಗುವಿಗಾಗದು.
ನೀನು ಯಾರೆಂದು ಆ ಹಾಳೆಗೆ ಗೊತ್ತಿಲ್ಲ, ನನಗೆ ಗೊತ್ತು.
ಒಂದು ಫೋನು ಮಾಡಲಿಕ್ಕೆ ಏನು ದಾಡಿ ನಿನಗೆ?’
ಬೈದದ್ದು ಅಷ್ಟೇ.

ಈಗ ಅವನಿಗೆ ನಲವತ್ತೆರಡು ದಿನ.
ಅಪ್ಪ ಬೋಟಿನಲ್ಲಿ ಹೋಗಿ ಎಂಟು ರಾತ್ರಿ.
ಒಂಬತ್ತಕ್ಕೆ ಮಾತ್ರೆ ನುಂಗಿ
ನೆಲದ ಮೇಲೆ ಚಾಪೆ ಹಾಸಿ, ಗೋಡೆಗೊರಗಿ ಹಾಲೂಡಿಸುತ್ತೇನೆ.
ಮಂಚವಿಲ್ಲ ನಮಗೆ; ಬಿದ್ದರೂ ನೆಲ ಹತ್ತಿರವಿರಬೇಕು.
ಮೀಯಿಸುವುದು ಅಪ್ಪಿಯಕ್ಕ:
ನೀರಿನ ಹತ್ತಿರ ನಾವಿಬ್ಬರೇ ಇರುವಂತಿಲ್ಲ.

ಹಾಲಿಗೂ ಹೋಗುತ್ತದಾ, ಕೇಳಿದ್ದೆ. ಈ ಸಲ ಕೇಳಿದ್ದೆ.
‘ಹೋಗುತ್ತದೆ, ಹೊಟ್ಟೆಯಲ್ಲಿದ್ದಾಗ ಸಿಕ್ಕಿದ್ದಕ್ಕಿಂತ ಕಡಿಮೆ.
ಹಾಲೂ ನಿಲ್ಲಿಸಬೇಡ, ಮಾತ್ರೆಯೂ.
ತೀರಾ ಮಂಪರು ಕಂಡರೆ, ಚೀಪದಿದ್ದರೆ,
ಬೆಳಗಾಗಲಿ ಅಂತ ಕಾಯಬೇಡ.’
ದೋಣಿ ನಿಂತ ಮೇಲೆ ತಣ್ಣೀರುಬಾವಿ ಸುತ್ತಿ ಹೋಗಲು
ರಿಕ್ಷಾದ ಅಶ್ರಫನ ನಂಬರು
ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದೇನೆ,
ದೊಡ್ಡದಾಗಿ, ಅಪ್ಪಿಯಕ್ಕನಿಗೂ ಕಾಣುವ ಹಾಗೆ.

ಹೊಟ್ಟೆ ತುಂಬಿತು, ಬಾಯಿ ಸಡಿಲಾಯಿತು,
ಕೆನ್ನೆಯ ಮೇಲೊಂದು ಹನಿ.
ನಿದ್ದೆಯೋ ಮಂಪರೋ?
ಹೊರಗೆ ಯಾವುದೋ ಬೋಟಿನ ಎಂಜಿನ್ನು
ಕೆಮ್ಮಿ, ನಿಂತು, ಮತ್ತೆ ಕೆಮ್ಮುತ್ತದೆ.
ಉಸಿರು ಎಣಿಸುತ್ತೇನೆ, ಪಂಡಿತರು ಕಲಿಸಿದ ಹಾಗೆ,
ಲಘು, ಲಘು, ಗುರು.
ಎಣಿಕೆ ತಪ್ಪುತ್ತದೆ. ತಡೆಯಲಾಗುವುದಿಲ್ಲ.
ಅಂಗಾಲಿಗೆ ಉಗುರು ತಾಗಿಸಿ ಕಚಗುಳಿಯಿಡುತ್ತೇನೆ.

ಅಬ್ಬಾ, ಆ ಕೋಪ!
ಯಾವ ಛಂದಸ್ಸಿಗೂ ಸಿಗದ ಕಿರುಚು,
ಬೆಂಗ್ರೆಯ ನಾಯಿಗಳೆಲ್ಲ ಎದ್ದವು.
ಗೋಡೆಯಾಚೆಯಿಂದ ಅಪ್ಪಿಯಕ್ಕ:
‘ಬಾಲೆಗ್ ದಾದ ಆಂಡ್?’
ಏನಿಲ್ಲ ಅಕ್ಕಾ, ನಾನೇ ಎಬ್ಬಿಸಿದೆ.
ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, ಮಗ್ಗುಲು ಬದಲಿಸುತ್ತ, ನಿಧಾನಕ್ಕೆ,
ಮಲಗಿದ ಕೂಸನ್ನು ಎಬ್ಬಿಸುವ ಹೆಂಗಸರ ವಂಶವನ್ನೇ
ಹಿಡಿದು ಬೈಯತೊಡಗಿದಳು.