ಬೆನ್ನಿನ ಕಡಿಂದ

ರೇಡಿಯೊ ಆರಿಸೂದು ಮಾರಿ ನೋಡಿ ಅಲ್ಲ.
ದಾವಲಸಾಬ ಇದನ್ನ ಹೇಳಿಕೊಡಲಿಲ್ಲ,
ಅಂವಗ ಮಾರೂದಷ್ಟ ಗೊತ್ತು.
ಗುಜರಿ ಮುಂದ ಬಾಕಿನ ಮ್ಯಾಲ ಇಟ್ಟು
ಪಾಲಿಶ್ ತಿಕ್ಕಿ, ಕ್ರೋಶಾದ ವಸ್ತ್ರ ಹೊಚ್ಚಿ
"ಇದು ಜರ್ಮನಿದು, ಮಾಸ್ತರ್ರ" ಅಂತಾನ.
ಅವನ ಅಂಗಡ್ಯಾಗ ಎಲ್ಲಾನೂ ಜರ್ಮನಿದು,
ಬೆಂಗಳೂರಾಗ ಹುಟ್ಟಿದ್ದೂ ಜರ್ಮನಿದು.

ನಾ ಅದನ್ನ ತಿರುವಿ ಇಡತೀನಿ.
ಹಿಂದಿನ ರಟ್ಟು ಬಿಚ್ಚಿ ಮೂಗು ಹಚ್ಚತೀನಿ.
ಸುಟ್ಟ ಮೇಣ ನಾತಂದ್ರ ಟ್ರಾನ್ಸ್‌ಫಾರ್ಮರ್ ಹೋತು,
ಇಲಿ ಉಚ್ಚಿ ನಾತಂದ್ರ ವೈರು ಹೋದುವು,
ಬರೇ ಧೂಳಿನ ವಾಸನಿ ಬಂದ್ರ
ಯಾರದೋ ಪಡಸಾಲ್ಯಾಗ
ಮರ್ಯಾದಿಲೆ ಮುದುಕಾಗೇತಿ ಅಂತ ಅರ್ಥ.
ತಗೋಬಹುದು.

ಮೂವತ್ತೊಂದು ವರ್ಷ ಗದಗಿನ ಛಾಪಖಾನ್ಯಾಗ
ಅಚ್ಚಿನ ಮೊಳಿ ಜೋಡಿಸಿದಾಂವ ನಾನು.
ಕನ್ನಡದ್ದು, ಇಂಗ್ಲಿಷಿನದು, ಲಗ್ನದ್ದು, ಶ್ರಾದ್ಧದ್ದು,
ಎಲ್ಲಾ ತಿರುಗಾ ಮುರುಗಾ.
ಡಯಲ್ಲಿನ ಗಾಜಿನ ಹಿಂದಿಂದ
ರಂಗೂನು, ಕೊಲಂಬೊ, ಕೈರೊ ಉಲ್ಟಾ ನಿಂತಿರತಾವಲ್ಲ,
ನನ್ನ ಕಣ್ಣಿಗೆ ಅವು ನೆಟ್ಟಗ.

ಮನಿಯೊಳಗ ಈಗ ಒಂಬತ್ತು.
ಎರಡು ಹಾಡತಾವ, ಒಂದು ಗೊಣಗತೈತಿ,
ಉಳಿದಾವು ಕೇಳತಾವ.
"ಪತ್ರಾಸ ಸೋರತೈತಿ" ಅಂತ ಹೆಂಡತಿ ಅಂದ ದಿನ
ಹತ್ತನೇದು ತಂದೆ.

ರೇಡಿಯೊಗ್ರಾಮು. ಹೊಂಬಳದ ಒಂದು ಮನೀದು.
ಒಳಗ ಒಂದು ಕರಿಮಣಿ, ಒಣಗಿದ ಕೊಬ್ಬರಿ ಚೂರು,
ಅಂಚಿ ಮನಿ ಶಿಕ್ಕಾ ಬಿದ್ದ ಲೈಸೆನ್ಸಿನ ಪುಸ್ತಕ.
ಡಯಲ್ಲಿನ ದಾರ ಹರದು ಮುಳ್ಳು ಮಲಗಿತ್ತು.
ಮೀನಿನ ಗಾಳದ ದಾರ ಹಾಕಿದೆ, ಜಾರಿತು.
ನೈಲಾನ್ ಹಾಕಿದೆ, ಜಗ್ಗಿಕೊಂಡು ಸಡಿಲಾತು.
ತಟ್ಟಿ ಅಂತೂ ಛಲೋ ತಿರಗತಿತ್ತು,
ಗೆರಿ ಬಿಲ್ಲೆ ಇಟ್ಟು ಟ್ಯೂಬ್‌ಲೈಟಿನ ಕೆಳಗ ನೋಡಿದೆ,
ಗೆರಿ ಅಲ್ಲಾಡಲಿಲ್ಲ. ಹೆಮ್ಮಿ ಪಟ್ಟೆ.

ಆಗ ಗ್ವಾಡಿ ಆಚಿಂದ ಬನಶಂಕ್ರವ್ವ,
"ಅಣ್ಣಾರ, ಅದು ಎಡವತೈತಿ."
"ಏನು?"
"ಒಂದು ಸುತ್ತಿಗೆ ಐದಾರು ಸಲ. ಲಾಳಿ ಕಟ್ಟಿಗಿ ಸವದಾಗ
ನಮ್ಮ ಮಗ್ಗ ಹಿಂಗ ಮಾಡತೈತಿ.
ಒಳಗ ಎಲ್ಲೋ ಗಾಲಿ ಚಪ್ಪಟಿ ಆಗೇತಿ, ನೋಡ್ರಿ."

ತಟ್ಟಿ ಎತ್ತಿ ನೋಡಿದೆ.
ರಬ್ಬರಿನ ಸಣ್ಣ ಗಾಲಿ,
ವರ್ಷಾನುಗಟ್ಲೆ ಒಂದ ಕಡೆ ಒತ್ತಿ ನಿಂತು
ಅವರೀಬೀಜದಷ್ಟು ಚಪ್ಪಟಿ.

ನಲವತ್ತು ವರ್ಷ ಬೆಟಗೇರಿಯೊಳಗ ಸೀರಿ ನೇದ ಕಿವಿ ಅದು.
ನನ್ನ ಗೆರಿ ಬಿಲ್ಲೆ ತಗದು ಕಪಾಟಿನ್ಯಾಗ ಇಟ್ಟೆ.

ಸಂಜಿಮುಂದ ಆಕಿನ ಬಂದಳು,
ಸೆರಗಿಗೆ ಹಾಕೂ ಕೆಂಪು ರೇಷ್ಮಿ ನಾಕೆಳಿ
ತೊಡಿ ಮ್ಯಾಲ ಹುರಿ ಮಾಡಿ, ಗಂಜಿ ಸವರಿ,
ಗಾಲಿಗೆ ಸುತ್ತಿ ಬಿಗದು ಗಂಟು ಹಾಕಿದಳು.
ಆ ಗಂಟು ನನಗ ಇನ್ನೂ ಬರೂದಿಲ್ಲ.
ಗುಂಡಿ ತಿರುವಿದ್ರ ಮುಳ್ಳು
ಕೊಲಂಬೊದಿಂದ ಕೈರೊಕ್ಕ ಹೋಗಿ ಬಂತು.

ರೊಕ್ಕ ಬ್ಯಾಡ ಅಂದಳು. ಒಂದ ಮಾತು ಇಸಗೊಂಡಳು,
"ಹತ್ತರಿಂದ ಒಂದರತನಕ ಹಚ್ಚಬ್ಯಾಡ್ರಿ.
ಕಾಲು ನಿಮ್ಮ ಹಾಡಿನ ಹಿಂದ ಹೋಗತಾವ,
ಅಂಚು ಸೊಟ್ಟ ಬೀಳತೈತಿ."

ನಿನ್ನೆ ಹುಬ್ಬಳ್ಳಿಂದ ಒಬ್ಬ ಹುಡುಗ ಬಂದಿದ್ದ,
ಸಂಗ್ರಹ ಮಾಡತಾನಂತ. ಬ್ಯಾಟರಿ ಹಿಡಿದು
ಮುಂದಿನ ಅರಿವಿ, ಗುಂಡಿ, ಹಿತ್ತಾಳಿ ಪಟ್ಟಿ
ಎಲ್ಲಾ ಎಣಿಸಿ ಕೇಳಿದ,
"ಒಳಗಿಂದು ಎಲ್ಲಾ ಒರಿಜಿನಲ್ ಏನ್ರಿ?"
ಇಲ್ಲ ಅಂದೆ. ದಾರದ ಕತಿ ಹೇಳಿದೆ.
ಎರಡು ಸಾವಿರ ಕಡಿಮಿ ಮಾಡಿದ.
ನಾ ಕೊಡೂದಿಲ್ಲ ಅಂದದ್ದಕ್ಕ
ಮತ್ತ ಸಾವಿರ ಏರಿಸಿದ.

ಅಷ್ಟರಾಗ ಆಚೆ ಮಗ್ಗ ಸುರು ಆತು,
ಖಟ್ ಖಟಾ, ಖಟ್ ಖಟಾ.
ನಾ ಎದ್ದು ರೇಡಿಯೊ ಬಂದ್ ಮಾಡಿದೆ.
"ಕೆಟ್ಟಿತೇನ್ರಿ?" ಅಂದ ಹುಡುಗ.