ಏಳನೇ ನಂಬರು

ಥಂಡರ್ ಬೇ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಇರ್ಯಾ ಏಳನೇ ಡ್ರೈಯರಿನ ಬಾಯೊಳಗೆ
ಹೆಗಲವರೆಗೂ ತೂರಿಕೊಂಡಿದ್ದಾಳೆ,
ಹಲ್ಲಲ್ಲಿ ಟಾರ್ಚು ಕಚ್ಚಿ.

ಯಾರದೋ ಜೇಬಲ್ಲಿ ಉಳಿದ ಕ್ರೇಯಾನು
ಕರಗಿ, ಸುತ್ತಿ ಸುತ್ತಿ,
ಉಕ್ಕಿನ ತೂತು ತೂತಿಗೂ ಕೆಂಪು ಮೆತ್ತಿದೆ.
ಬೆಳಗ್ಗೆ ನರ್ಸೊಬ್ಬಳ ಬಿಳಿ ಕೋಟು ಹಾಳು;
ದುಡ್ಡು ವಾಪಸು ಕೊಟ್ಟದ್ದಾಯಿತು,
ಬೈಗುಳ ಮಾತ್ರ ಇಲ್ಲೇ ಉಳಿಯಿತು.

ತಣ್ಣಗಿದ್ದರೆ ಜಪ್ಪಯ್ಯ ಎಂದರೂ ಬಿಡದು ಮೇಣ.
ಹತ್ತು ನಿಮಿಷ ಖಾಲಿ ತಿರುಗಿಸಿ,
ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ
ಸೋಪುನೀರು, ಹಳೇ ಬನಿಯನ್ನು, ಮೊಣಕೈ.
ಮೂರನೇ ಸಲಕ್ಕೆ ತಾಳ್ಮೆ ಮುಗಿದು
ಅಜ್ಜಿ ಕಲಿಸಿದ ಫಿನ್ನಿಶ್ ಬೈಗುಳವೊಂದು
ಡ್ರಮ್ಮಿನೊಳಗೆ ಗುಡುಗಿ
ಅವಳ ಕಿವಿಗೇ ವಾಪಸು ಬಂತು.

ಹರಕು ಟವೆಲು ಹಾಕಿ ಪರೀಕ್ಷೆ. ಬೆಳ್ಳಗೇ ಬಂತು.
ಹಿಂಗೋಡೆಯ ಒಂದು ಮಚ್ಚೆ ಮಾತ್ರ ಹೋಗಲಿಲ್ಲ.
ಯಾರಿಗೂ ಅಂಟುವುದಿಲ್ಲ, ಇರಲಿ.

ಮಂಗಳವಾರ ರಾತ್ರಿ,
ಬೇಕರಿಯ ಡೆಲ್ಫೀನಳ ಮಗ
ಗಾಜಿಗೆ ಮೂಗೊತ್ತಿ ಕೂಗುತ್ತಾನೆ:
‘ಅಮ್ಮಾ, ನನ್ನ ಕೆಂಪು! ಇನ್ನೂ ಓಡ್ತಾ ಇದೆ!’
ಡೆಲ್ಫೀನ್ ಅವನ ಬಾಯಿ ಮುಚ್ಚುತ್ತಾಳೆ, ಇತ್ತ ನೋಡುತ್ತಾಳೆ.

ಇರ್ಯಾ ಚಿಲ್ಲರೆ ಎಣಿಸುತ್ತಿದ್ದಾಳೆ,
ಎರಡನೇ ಸಲ,
ತಪ್ಪುತಪ್ಪಾಗಿ.